ಟಿವಿ ಗೋಡೆಗೆ ಎಷ್ಟು ಎತ್ತರಕ್ಕೆ ಹಾಕಿಸಲಿ, ಅಣ್ಣಾ?

ಪ್ರಶ್ನೆ (ರಾಯಚೂರಿನ ಗೃಹಿಣಿ): ಅಣ್ಣಾ, ನಮಸ್ಕಾರ. 55 ಇಂಚಿನ ಟಿವಿ ತಂದಿದ್ದೇವೆ, ಬಾಕ್ಸ್ ಇನ್ನೂ ಒಡೆದಿಲ್ಲ. ನಮ್ಮದು ಮಾವನವರ ಕಾಲದ ಮನೆ. ಹೊರಗಿನ ಗೋಡೆಗಳೆಲ್ಲ ಕಲ್ಲು-ಮಣ್ಣಿನವು. ಹಾಲಿಗೂ ಮಲಗುವ ಕೋಣೆಗೂ ನಡುವಿನ ಗೋಡೆ ಮಾತ್ರ ಆಮೇಲೆ ಕಟ್ಟಿಸಿದ್ದು. ಹಾಲ್ 10 ಅಡಿಗೆ 14 ಅಡಿ ಇದೆ. ಪಶ್ಚಿಮದ ಗೋಡೆ ಖಾಲಿ ಇದೆ, ಅಲ್ಲೇ 6 ಅಡಿ ಎತ್ತರಕ್ಕೆ ಹಾಕಿಸೋಣ, ಮಕ್ಕಳ ಕೈಗೆ ಸಿಗಲ್ಲ ಅಂತಾರೆ ನಮ್ಮ ಮನೆಯವರು. ಆದರೆ ನಮ್ಮ ಅತ್ತೆ ಚಾಪೆ ಮೇಲೆ ಕೂತೇ ಧಾರಾವಾಹಿ ನೋಡೋದು. ಅವರಿಗೆ ಕತ್ತು ನೋವು ಬೇರೆ. ಫಿಟ್ಟಿಂಗ್ ಹುಡುಗ ನಾಳಿದ್ದು ಬರ್ತಾನೆ. ಏನು ಮಾಡಲಿ?

ಉತ್ತರ (ಟಿವಿ ಫಿಟ್ಟಿಂಗ್ ಮಾಡುವವರು): ಅಕ್ಕಾ, ತೂತು ಹೊಡೆಯೋಕೆ ಮೊದಲೇ ಕೇಳಿದ್ದು ಬಹಳ ಒಳ್ಳೇದಾಯ್ತು. ಹೊಡೆಸಿದ ಮೇಲೆ ಕೇಳುವವರೇ ಜಾಸ್ತಿ.

ಎತ್ತರದ ಲೆಕ್ಕ ಶುರುವಾಗೋದು ಕೂತವರ ಕಣ್ಣಿಂದ. ಸೋಫಾ ಮೇಲೆ ಕೂತರೆ ಕಣ್ಣು ನೆಲದಿಂದ ಸುಮಾರು 40 ಇಂಚಿಗೆ ಬರುತ್ತದೆ. ಚಾಪೆ ಮೇಲೆ ಕೂತರೆ 28-30 ಇಂಚು ಅಷ್ಟೆ. ನಿಮ್ಮ ಟಿವಿ ಸುಮಾರು 28 ಇಂಚು ಎತ್ತರ ಇರುತ್ತದೆ. ಅದರ ಕೆಳಗಿನ ಅಂಚು 6 ಅಡಿಗೆ ಬಂದರೆ ನಡುಭಾಗ 7 ಅಡಿ ದಾಟುತ್ತದೆ. ಅತ್ತೆಯವರು ದಿನಾ ತಾರಸಿ ನೋಡಿದ ಹಾಗೆ ತಲೆ ಎತ್ತಿ ಕೂರಬೇಕು. ಕತ್ತು ನೋವು ಇರುವವರಿಗೆ ಅದು ದಿನಾ ಸಂಜೆಯ ಶಿಕ್ಷೆ. ಟಿವಿಯ ನಡುಭಾಗ 38-40 ಇಂಚಿಗೆ ಇಟ್ಟುಕೊಳ್ಳಿ. ಸೋಫಾದವರಿಗೂ ಸರಿ, ಅತ್ತೆಯವರು ತುಸು ಮೇಲೆ ನೋಡಿದರೆ ಸಾಕು. ಮಕ್ಕಳ ಚಿಂತೆಗೆ ಟಿವಿ ಕೆಳಗೆ ಒಂದು ಅಗಲವಾದ ಗಿಡ್ಡ ಟೇಬಲ್ ಇಡಿ, ಹತ್ತಿರ ಹೋಗಿ ಪರದೆ ಮುಟ್ಟೋದು ತಪ್ಪುತ್ತದೆ.

ಪಶ್ಚಿಮದ ಗೋಡೆ ಬೇಡವೇ ಬೇಡ. ನಮ್ಮ ರಾಯಚೂರಿನ ಬಿಸಿಲು ನಿಮಗೆ ಹೇಳಬೇಕಾ? ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಟಿವಿ ಜೊತೆ ಬರುವ ಪುಸ್ತಕದಲ್ಲಿ ಸಾಮಾನ್ಯವಾಗಿ 40 ಡಿಗ್ರಿವರೆಗೆ ಬಳಸಿ ಅಂತಲೇ ಬರೆದಿರುತ್ತಾರೆ. ಮಧ್ಯಾಹ್ನವೆಲ್ಲ ಬಿಸಿಲು ಕುಡಿದ ಗೋಡೆ ರಾತ್ರಿ 9 ಗಂಟೆಗೂ ಕೈಗೆ ಬಿಸಿ ಹತ್ತುತ್ತದೆ. ಧಾರಾವಾಹಿ ಹೊತ್ತೂ ಅದೇ. ಒಳಗಿನ ಗೋಡೆಯೇ ಒಳ್ಳೇದು. ಸೋಫಾ 7-8 ಅಡಿ ದೂರ ಇರಲಿ, 55 ಇಂಚಿಗೆ ಅಷ್ಟು ಸಾಕು.

ಇವತ್ತೇ ಒಂದು ಕೆಲಸ ಮಾಡಿ. ಹಳೇ ಪೇಪರ್ ಅಂಟಿಸಿ 4 ಅಡಿ ಅಗಲ, 28 ಇಂಚು ಎತ್ತರದ ಹಾಳೆ ಮಾಡಿ. ಅದನ್ನು ಒಳಗಿನ ಗೋಡೆಗೆ ಟೇಪ್ ಹಾಕಿ ಅಂಟಿಸಿ. ಅತ್ತೆಯವರನ್ನು ಅವರ ಚಾಪೆ ಮೇಲೆ, ಅವರು ಕೂರುವ ಜಾಗದಲ್ಲೇ ಕೂರಿಸಿ ಕೇಳಿ. ಮೇಲೆ ಕೆಳಗೆ ಸರಿಸಿ ನೋಡಿ. ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ (ಅದೇ ಗೃಹಿಣಿ): ಅಂಟಿಸಿದೆವು ಅಣ್ಣಾ. ಅತ್ತೆ ಇನ್ನೂ ಎರಡು ಇಂಚು ಇಳಿಸು ಅಂದರು, ಇಳಿಸಿದೆವು. ಈಗ ಗೋಡೆದೇ ಭಯ. ಬ್ರಾಕೆಟ್ ಜೊತೆ ಬಂದಿರೋ, ಸ್ಕ್ರೂ ಹಿಡಿಯೋಕೆ ತೂತಿಗೆ ತೂರಿಸೋ ಪ್ಲಾಸ್ಟಿಕ್ ಗಿಟ್ಟಿ ಸಾಕು ಅಂತಾನೆ ಹುಡುಗ. ಸಾಕಾ?

ಉತ್ತರ: ಅದನ್ನು ಗೋಡೆ ಹೇಳಬೇಕು ಅಕ್ಕಾ. ಡ್ರಿಲ್ ಹೊಡೆಯುವಾಗ ತೂತಿನ ಕೆಳಗೆ ಒಂದು ಬಿಳಿ ಕಾಗದ ಮಡಚಿ ಹಿಡೀರಿ, ಬೀಳೋ ಪುಡಿ ನೋಡಿ. ಮೊದಲ ಅರ್ಧ-ಮುಕ್ಕಾಲು ಇಂಚು ಬರೋದು ಬರೀ ಪ್ಲಾಸ್ಟರ್ ಪುಡಿ, ಅದನ್ನು ನಂಬಬೇಡಿ. ಆಮೇಲೆ ಕೆಂಪು ಪುಡಿ ಒಂದೇ ಸಮ ಬಂದರೆ ಸುಟ್ಟ ಇಟ್ಟಿಗೆ. ಬೂದಿ ಬಣ್ಣದ ಪುಡಿ ಬಂದರೆ ಸಿಮೆಂಟ್ ಇಟ್ಟಿಗೆ ಅಥವಾ ಬೂದಿ ಇಟ್ಟಿಗೆ. ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದ ಹಾರುಬೂದಿಯ ಇಟ್ಟಿಗೆ ನಮ್ಮ ಕಡೆ ಬಳಕೆಯಲ್ಲಿದೆಯಲ್ಲ, ಅದೇ. ಇವುಗಳಲ್ಲಿ ಒಳಗೆ ಟೊಳ್ಳು ಇಲ್ಲದಿದ್ದರೆ ಒಳ್ಳೇ ಗಿಟ್ಟಿ ಹಿಡಿಯುತ್ತದೆ. ಆದರೆ ಬಾಕ್ಸಿನಲ್ಲಿ ಬರೋ ತೆಳ್ಳನೆಯದು ಬೇಡ. 10 ಎಂಎಂ ನೈಲಾನ್ ಗಿಟ್ಟಿ, ಪ್ಲಾಸ್ಟರ್ ದಾಟಿ ಇಟ್ಟಿಗೆಯೊಳಗೆ ಎರಡು ಇಂಚಾದರೂ ಹೋಗಬೇಕು.

ಡ್ರಿಲ್ ತಟ್ಟನೆ ಒಳಗೆ ಜಾರಿತು ಅಂದರೆ ಟೊಳ್ಳು ಇಟ್ಟಿಗೆ. ಅಲ್ಲಿ ಸಾದಾ ಗಿಟ್ಟಿ ತಿರುಗುತ್ತಲೇ ಇರುತ್ತದೆ. ಟೊಳ್ಳು ಗೋಡೆಯದ್ದೇ ಬೇರೆ ಬರುತ್ತದೆ, ಅದನ್ನೇ ತರಿಸಿ.

ಕಂದು ಮಣ್ಣು ಉದುರಿದರೆ ಅಲ್ಲೇ ನಿಲ್ಲಿಸಿ. ಕಲ್ಲಿನ ಸಂದಿಯ ಮಣ್ಣು ಅದು. ನಾನು ಕೆಲಸ ಕಲಿಯುವಾಗ ಹಳೇ ಮನೆಯೊಂದರಲ್ಲಿ ಅಂಥ ಸಂದಿಗೇ ಗಿಟ್ಟಿ ಹೊಡೆದಿದ್ದೆ. ಆವತ್ತು ಗಟ್ಟಿಯಾಗೇ ಇತ್ತು. ತಿಂಗಳು ಕಳೆಯೋದರೊಳಗೆ ಟಿವಿಯ ಒಂದು ಮೂಲೆ ಬೆರಳಷ್ಟು ಇಳಿದಿತ್ತು. ಹೋಗಿ ಬಿಚ್ಚಿದರೆ ಗಿಟ್ಟಿ ಕೈಗೇ ಬಂತು, ಜೊತೆಗೆ ಒಂದು ಹಿಡಿ ಮಣ್ಣು. ಕೆಳಗೆ ಆ ಮನೆಯ ಮಗು ಮಲಗುತ್ತಿದ್ದ ಜಾಗ. ಅವತ್ತಿಂದ ಮಣ್ಣು ಕಂಡರೆ ನಾನು ಬ್ರಾಕೆಟ್ ಕೂರಿಸಲ್ಲ. ಅಂಥ ಗೋಡೆಯಲ್ಲಿ ಹಾಕಲೇಬೇಕಾದರೆ ಮುಕ್ಕಾಲು ಇಂಚಿನ ದೊಡ್ಡ ಪ್ಲೈವುಡ್ ಹಲಗೆ ತಗೊಂಡು, ನಾಲ್ಕಾರು ಕಡೆ ಕಲ್ಲಿಗೇ ತೂತು ಹೊಡೆದು ಬಿಗಿಯಬೇಕು, ಬ್ರಾಕೆಟ್ ಆ ಹಲಗೆ ಮೇಲೆ. ಕಲ್ಲಿಗೆ ಕೂತ ಬೋಲ್ಟ್ ಅಲುಗಲ್ಲ.

ಇನ್ನೆರಡು ಮಾತು. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕಕ್ಕೆ ತೂತು ಹೊಡೆಸಬೇಡಿ, ವೈರಿನ ಪೈಪ್ ಅಲ್ಲೇ ಹೋಗಿರುತ್ತದೆ. ಬ್ರಾಕೆಟ್ ತೂತು ಟಿವಿಯ ಸರಿ ನಡುವಿಗೇ ಇರುತ್ತದೆ ಅಂತ ಲೆಕ್ಕ ಹಾಕಬೇಡಿ, ಎಷ್ಟೋ ಟಿವಿಗಳಲ್ಲಿ ಕೆಳಗಿರುತ್ತದೆ. ಟಿವಿಯನ್ನು ಹಾಸಿಗೆ ಮೇಲೆ ಮೆಲ್ಲಗೆ ಬೋರಲು ಮಲಗಿಸಿ, ತೂತಿಂದ ಕೆಳಗಿನ ಅಂಚಿಗೆ ಟೇಪ್ ಹಿಡಿದು ಅಳೆದು, ಆಮೇಲೆ ಗೋಡೆಗೆ ಗುರುತು ಹಾಕಲಿ. ರಸಮಟ್ಟ ಇಟ್ಟು ಓರೆ ಇಲ್ಲ ತಾನೆ ಅಂತ ನೋಡಲಿ.

ಪ್ರಶ್ನೆ (ಗಂಗಾವತಿ): ಸರ್, ನಮ್ಮ ಮನೆ ಕಟ್ಟುತ್ತಿದ್ದೇವೆ, ಮುಂದಿನ ವಾರ ಪ್ಲಾಸ್ಟರ್. ಟಿವಿಗೆ ಈಗಲೇ ಏನು ಬಿಡಿಸಲಿ?

ಉತ್ತರ: ಒಳ್ಳೇ ಹೊತ್ತಿಗೆ ಕೇಳಿದಿರಿ ಸರ್. ಟಿವಿ ಹಿಂದೆ ಬರುವ ಕಡೆ ಎರಡು 5 ಆಂಪ್ ಪಾಯಿಂಟ್ ಇರಲಿ. ಅಲ್ಲಿಂದ ಕೆಳಗಿನ ಟೇಬಲ್ ಮಟ್ಟಕ್ಕೆ ಒಂದು ಖಾಲಿ ಪೈಪ್ ಬಿಡಿಸಿ, ಎರಡು ಇಂಚಿನದೇ. ಮುಕ್ಕಾಲು ಇಂಚಿನ ಪೈಪಿನಲ್ಲಿ ಎಚ್‌ಡಿಎಂಐ ಕೇಬಲ್ಲಿನ ತಲೆಯೇ ತೂರಲ್ಲ. ಕರೆಂಟ್ ವೈರ್ ಆ ಪೈಪಿನಲ್ಲಿ ಹಾಕಿಸಬೇಡಿ. ಪ್ಲಾಸ್ಟರ್ ಆಗೋ ಮೊದಲು ಟೇಪ್ ಹಿಡಿದು ಆ ಗೋಡೆಯ ಫೋಟೋ ತೆಗೆದಿಡಿ. ಯಾವ ಪೈಪ್ ಎಲ್ಲಿ ಹೋಗಿದೆ ಅಂತ ಆಮೇಲೆ ಡ್ರಿಲ್ ಹೊಡೆಯುವವನಿಗೆ ಅದೇ ದಾರಿ.

ಪ್ರಶ್ನೆ (ಬಳ್ಳಾರಿ, ಬಾಡಿಗೆ ಮನೆ): ಮೊಳೆ ಕೂಡ ಹೊಡೀಬೇಡಿ ಅಂದಿದ್ದಾರೆ ಓನರ್. 43 ಇಂಚು ಟಿವಿ.

ಉತ್ತರ: ಹೊಡೀಬೇಡಿ ಬಿಡಿ. ಭಾರವಾದ, ಅಲುಗದ ಟೇಬಲ್ ಮೇಲೆ ಇಡಿ. ಟಿವಿ ಹಿಂದಿನ ತೂತಿಗೆ ಪಟ್ಟಿ ಕಟ್ಟಿ ಟೇಬಲ್ಲಿಗೇ ಬಿಗಿಯಿರಿ, ಮಕ್ಕಳು ಎಳೆದರೂ ಮುಂದಕ್ಕೆ ಬೀಳಲ್ಲ. ನಿಮ್ಮ ಕಡೆ ಕೆಂಧೂಳು ಜಾಸ್ತಿ, ವಾರಕ್ಕೊಮ್ಮೆ ಪ್ಲಗ್ ತೆಗೆದು ಹಿಂದಿನ ಗಾಳಿ ಕಿಂಡಿಗಳನ್ನು ಒಣ ಬ್ರಷ್‌ನಿಂದ ಒರೆಸಿ.

ಮತ್ತೆ ರಾಯಚೂರಿನ ಗೃಹಿಣಿ: ಅಣ್ಣಾ, ಆಯ್ತು! ಪುಡಿ ಬೂದಿ ಬಣ್ಣ ಬಂತು, ಕೊನೆವರೆಗೂ ಒಂದೇ ಸಮ. 10 ಎಂಎಂ ಗಿಟ್ಟಿ ನಾನೇ ತರಿಸಿ ಹಾಕಿಸಿದೆ. ನಡುಭಾಗ 37 ಇಂಚಿಗೆ ಬಂದಿದೆ. ಅತ್ತೆ ನಿನ್ನೆ ಎರಡು ಧಾರಾವಾಹಿ ನೋಡಿದರು, ದಿಂಬು ಕೇಳಲಿಲ್ಲ. ಇನ್ನೇನಾದರೂ ನೋಡಬೇಕಾ?

ಉತ್ತರ: ಬಹಳ ಖುಷಿ ಆಯ್ತು ಅಕ್ಕಾ. ಆ ಪಾಯಿಂಟಿಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕಡೆ ಒಮ್ಮೆ ನೋಡಿಸಿ, ಹಳೇ ಮನೆಯಲ್ಲಿ ಎಷ್ಟೋ ಸಲ ಇರಲ್ಲ. ಮೇ ತಿಂಗಳಲ್ಲಿ ಅಡ್ಡಮಳೆ ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗೋ ಮೊದಲೇ, ಪ್ಲಗ್ ಜೊತೆ ಡಿಶ್ ಕೇಬಲ್ಲೂ ಕಿತ್ತಿಡಿ. ಸಿಡಿಲು ಆ ಕೇಬಲ್ಲಿಂದಲೂ ಒಳಗೆ ಬರುತ್ತದೆ. ಅದಕ್ಕೇ ಕೈ ತೂರುವಷ್ಟು ಸಂದು ಟಿವಿ ಹಿಂದೆ ಇರಲೇಬೇಕು, ಇದೆ ತಾನೆ?

ಗೃಹಿಣಿ: ಇದೆ ಅಣ್ಣಾ, ನನ್ನ ಕೈ ತೂರುತ್ತದೆ.