ಸಹಾಯ ಬೇಕು: ಸಣ್ಣ ಶಾಲೆಗಳ ಅನುದಾನದ ಮನವಿಗೆ ನಿಮ್ಮ ಲೆಕ್ಕವೂ ಸೇರಲಿ
ಸಹೋದ್ಯೋಗಿಗಳೇ, ನಮ್ಮದು ಮಲೆನಾಡಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, 28 ಮಕ್ಕಳು. ಕೇಂದ್ರ, ರಾಜ್ಯ ಸೇರಿ ಶಾಲೆಗಳಿಗೆ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ನಿಯಮದಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ ಶಾಲಾ ಅನುದಾನ. 31ಕ್ಕೆ ಮುಟ್ಟಿದರೆ 25,000. ಮಕ್ಕಳು ಕಡಿಮೆಯಿದ್ದರೂ ಸೋರುವ ಹೆಂಚು ಅಷ್ಟೇ, ತೊಳೆಯಬೇಕಾದ ಶೌಚಾಲಯ ಅಷ್ಟೇ. ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗುತ್ತದೆ, ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ರಿಪೇರಿ. ಕಳೆದ ಮಳೆಗಾಲ ಹೆಂಚಿನ ಖರ್ಚನ್ನು ನಾವಿಬ್ಬರು ಶಿಕ್ಷಕಿಯರೇ ಕೈಯಿಂದ ಹಾಕಿದೆವು.

ಸಣ್ಣ ಶಾಲೆಗಳಿಗೆ ರಾಜ್ಯ ಬಜೆಟ್‌ನಲ್ಲೇ ಪ್ರತ್ಯೇಕ ಮೊತ್ತ ಇಡಿಸಿ ಎಂದು ಅಧಿವೇಶನಕ್ಕೆ ಮೊದಲೇ ಶಾಸಕರಿಗೆ ಮನವಿ ಕೊಡಬೇಕೆಂದಿದ್ದೇವೆ. ಒಂದೇ ಶಾಲೆಯ ಮಾತು ಸಾಲದು. ನಿಮ್ಮ ಕಳೆದ ವರ್ಷದ ಖರ್ಚಿನ ಲೆಕ್ಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವಿನ ಪ್ರತಿ ಕಳಿಸುತ್ತೀರಾ? ಇಂಥ ಮನವಿ ಬರೆದು ಅನುಭವವಿರುವ ಮೇಷ್ಟ್ರು ಯಾರಾದರೂ ಕರಡು ತಿದ್ದಿಕೊಟ್ಟರೆ ದೊಡ್ಡ ಉಪಕಾರ.