ರಾತ್ರಿ ತಾನೇ ಓಡೋ ಸರ್ವರ್ ಬ್ಯಾಕಪ್, ಬೆಳಿಗ್ಗೆ ಮೇಲ್: ಬ್ಯಾಚ್ ಫೈಲಲ್ಲಿ ಮಾಡಿದೋರು ಹೇಳಿ

ನಮ್ದು ತಿಪಟೂರಲ್ಲಿ ಹಾರ್ಡ್‌ವೇರ್ ಅಂಗಡಿ. ವಿಂಡೋಸ್ ಸರ್ವರ್ 2019 ಇದೆ, ಬಿಲ್ಲಿಂಗ್‌ದು ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ ಡೇಟಾಬೇಸ್, ಜೊತೆಗೆ ಸ್ಕ್ಯಾನ್ ಮಾಡಿದ ಬಿಲ್‌ಗಳ ಒಂದು ದೊಡ್ಡ ಫೋಲ್ಡರ್. ಈಗ ಬಾಗಿಲು ಹಾಕೋ ಮುಂಚೆ ಹುಡುಗ ಪೆನ್‌ಡ್ರೈವ್‌ಗೆ ಕಾಪಿ ಮಾಡ್ತಾನೆ, ಅವನು ರಜಾ ಹಾಕಿದ್ರೆ ಅವತ್ತಿನ ಬ್ಯಾಕಪ್ ಇಲ್ಲ. ಒಂದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನ ಸಾಲಾಗಿ ಬರೆದಿಟ್ಟ ಫೈಲ್) ಬರೆದು, ಅದು ರಾತ್ರಿ ತಾನೇ ಓಡಿ, ಆಯ್ತೋ ಇಲ್ವೋ ಅಂತ ಮೇಲ್ ಬರ್ಬೇಕು. ಸಾಫ್ಟ್‌ವೇರ್ ದುಡ್ಡು ಕೊಟ್ಟು ತಗೊಳಕ್ಕೆ ಸದ್ಯಕ್ಕಾಗಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ಉತ್ತರ, ಮೈಸೂರಿಂದ

ಸರ್, ಮೊದಲು ಡೇಟಾಬೇಸ್ ವಿಷಯ. ಎಂಡಿಎಫ್ ಫೈಲನ್ನ, ಅಂದ್ರೆ ಡೇಟಾಬೇಸ್ ಇರೋ ಫೈಲನ್ನ, ನೇರ ಕಾಪಿ ಮಾಡಕ್ಕೆ ಹೋಗ್ಬೇಡಿ, ಎಸ್‌ಕ್ಯೂಎಲ್ ಓಡ್ತಿರುವಾಗ ಅದು ಲಾಕ್ ಆಗಿರುತ್ತೆ. ಎಕ್ಸ್‌ಪ್ರೆಸ್‌ನಲ್ಲಿ ಟೈಮ್‌ಗೆ ತಾನೇ ಕೆಲಸ ಓಡಿಸೋ ಏಜೆಂಟ್ ಇಲ್ಲ, ಹಾಗಾಗಿ ಬ್ಯಾಚ್ ಒಳಗೆ ಎಸ್‌ಕ್ಯೂಎಲ್‌ಗೆ ಕಮಾಂಡ್ ಕಳಿಸೋ ಎಸ್‌ಕ್ಯೂಎಲ್‌ಸಿಎಂಡಿ ಕರೆದು ಬ್ಯಾಕಪ್ ಡೇಟಾಬೇಸ್ ಕಮಾಂಡ್ ಕೊಡಿ, ವಿತ್ ಚೆಕ್‌ಸಮ್ ಅಂತಲೂ ಸೇರಿಸಿ. ಮೈನಸ್ ಬಿ ಸ್ವಿಚ್ ಹಾಕಲೇಬೇಕು, ಅದಿಲ್ಲದಿದ್ರೆ ಬ್ಯಾಕಪ್ ಫೇಲ್ ಆದ್ರೂ ಎರರ್‌ಲೆವೆಲ್ (ಕಮಾಂಡ್ ಮುಗಿದಾಗ ಕೊಡೋ ನಂಬರ್, ಸಾಮಾನ್ಯವಾಗಿ ಸೊನ್ನೆ ಅಂದ್ರೆ ಸರಿ) ಸೊನ್ನೆ ಅಂತಲೇ ಬರುತ್ತೆ, ನಿಮ್ಮ ಸ್ಕ್ರಿಪ್ಟ್ ಎಲ್ಲ ಸರಿಯಾಯ್ತು ಅಂದ್ಕೊಂಡು ಮುಂದೆ ಹೋಗುತ್ತೆ. ಬ್ಯಾಕಪ್ ಬರೆಯೋದು ನೀವಲ್ಲ, ಎಸ್‌ಕ್ಯೂಎಲ್ ಸರ್ವಿಸ್ ಅಕೌಂಟ್, ಅದಕ್ಕೆ ಆ ಫೋಲ್ಡರ್ ಮೇಲೆ ಪರ್ಮಿಷನ್ ಇರ್ಬೇಕು.

ಸ್ಕ್ಯಾನ್ ಫೋಲ್ಡರ್‌ಗೆ ರೋಬೋಕಾಪಿ ಅನ್ನೋ ಕಾಪಿ ಕಮಾಂಡ್ ಸಾಕು, ವಿಂಡೋಸ್ ಜೊತೆಗೇ ಬರುತ್ತೆ. ಆದ್ರೆ ಇಲ್ಲಿ ನಾನು ಎರಡು ಸಲ ಬಿದ್ದಿದೀನಿ. ಒಂದು ಫೈಲ್ ಲಾಕ್ ಆಗಿದ್ರೆ ಅದು ಡೀಫಾಲ್ಟ್ ಆಗಿ ಹತ್ತು ಲಕ್ಷ ಸಲ ಮತ್ತೆ ಪ್ರಯತ್ನ ಮಾಡುತ್ತೆ, ಒಂದೊಂದು ಸಲಕ್ಕೂ 30 ಸೆಕೆಂಡ್ ಕಾಯುತ್ತೆ, ಲೆಕ್ಕ ಹಾಕಿ, ಒಂದೇ ಫೈಲಿಗೆ ಹೆಚ್ಚುಕಮ್ಮಿ ಒಂದು ವರ್ಷ. ಯಾರೋ ಎಕ್ಸೆಲ್ ಶೀಟ್ ತೆಗೆದಿಟ್ಟು ಮನೆಗೆ ಹೋಗಿದ್ರು, ಬೆಳಿಗ್ಗೆ ಬಂದು ನೋಡಿದ್ರೆ ಸ್ಕ್ರಿಪ್ಟ್ ಇನ್ನೂ ಅಲ್ಲೇ ನಿಂತಿತ್ತು. ಸ್ಲ್ಯಾಶ್ ಆರ್ 3, ಸ್ಲ್ಯಾಶ್ ಡಬ್ಲ್ಯೂ 10 ಅಂತ ಕೊಡಿ, ಅಂದ್ರೆ ಮೂರೇ ಸಲ ಪ್ರಯತ್ನ, ಹತ್ತೇ ಸೆಕೆಂಡ್ ಕಾಯೋದು. ಇನ್ನೊಂದು, ರೋಬೋಕಾಪಿಯ ಎರರ್‌ಲೆವೆಲ್ 1 ಅಂದ್ರೆ ತಪ್ಪಲ್ಲ, ಫೈಲ್ ಕಾಪಿ ಆಯ್ತು ಅಂತ. 8 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಮಾತ್ರ ಫೇಲ್. ಇದು ಗೊತ್ತಿಲ್ದೆ ಸೊನ್ನೆ ಅಲ್ಲದ್ದಕ್ಕೆಲ್ಲ ಫೇಲ್ ಅಂತ ಮೇಲ್ ಕಳಿಸ್ತಿದ್ದೆ, ಒಂದು ವಾರ ಆದ್ಮೇಲೆ ಯಾರೂ ಆ ಮೇಲ್ ತೆಗೆದೇ ನೋಡ್ತಿರ್ಲಿಲ್ಲ.

ಫೈಲ್ ಹೆಸರಿಗೆ ತಾರೀಖು ಹಾಕೋದಾದ್ರೆ ಬ್ಯಾಚ್‌ನ ಡೇಟ್ ವೇರಿಯಬಲ್ ನಂಬಬೇಡಿ, ರೀಜನ್ ಸೆಟ್ಟಿಂಗ್ ಬದಲಾದ್ರೆ ಅದೂ ಬದಲಾಗುತ್ತೆ. ವಿಂಡೋಸ್‌ನದ್ದೇ ಇನ್ನೊಂದು ಕಮಾಂಡ್ ಟೂಲ್ ಪವರ್‌ಶೆಲ್‌ನ ಗೆಟ್ ಡೇಟ್ ಕರೆದು ವರ್ಷ, ತಿಂಗಳು, ದಿನ ಅನ್ನೋ ಕ್ರಮದಲ್ಲಿ ತಗೊಳ್ಳಿ.

ಉತ್ತರ, ಶಿವಮೊಗ್ಗದಿಂದ

ನಾನು ಒಂದು ನರ್ಸಿಂಗ್ ಹೋಮ್‌ನ ಸರ್ವರ್ ನೋಡ್ಕೊಳ್ತೀನಿ, ಮೇಲ್ ಬಗ್ಗೆ ಹೇಳ್ತೀನಿ. ಟೈಮ್‌ಗೆ ಸರಿಯಾಗಿ ಬ್ಯಾಚ್ ಓಡಿಸೋ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲೇ ಇರೋ ಇಮೇಲ್ ಆಯ್ಕೆ ನೆಚ್ಕೋಬೇಡಿ, ಸರ್ವರ್ 2012ರಿಂದಲೇ ಅದನ್ನ ಕೈಬಿಟ್ಟಿದ್ದಾರೆ. ಬ್ಯಾಚ್‌ನ ಕೊನೆಯಲ್ಲಿ ಪವರ್‌ಶೆಲ್‌ನ ಸೆಂಡ್ ಮೇಲ್‌ಮೆಸೇಜ್ ಕರೀರಿ, ಹಳೇದಾಯ್ತು ಅಂತ ಮೈಕ್ರೋಸಾಫ್ಟ್‌ನೋರು ಹೇಳ್ತಾರೆ, ಆದ್ರೂ ಕೆಲಸ ಮಾಡುತ್ತೆ. ಜಿಮೇಲ್ ಆದ್ರೆ ಪೋರ್ಟ್ 587, ಮತ್ತೆ ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ, 2022ರಲ್ಲಿ ನಿಲ್ಲಿಸಿದ್ರು. ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೋಬೇಕು. ಇದಕ್ಕಂತಲೇ ಬೇರೆ ಜಿಮೇಲ್ ಅಕೌಂಟ್ ಮಾಡಿ, ಸ್ಕ್ರಿಪ್ಟ್ ಒಳಗೆ ನಿಮ್ಮ ಸ್ವಂತದ್ದು ಬೇಡ.

ಈಗ ನನ್ನ ಮನಸ್ಸಿಗೆ ಇನ್ನೂ ಚುಚ್ಚೋ ವಿಷಯ. ಮೊದಲು ನಾನು ಫೇಲ್ ಆದ್ರೆ ಮಾತ್ರ ಮೇಲ್ ಬರೋ ಹಾಗೆ ಇಟ್ಟಿದ್ದೆ. ಯಾವಾಗ್ಲೋ ವಿಂಡೋಸ್ ಪಾಸ್‌ವರ್ಡ್ ಬದಲಾಯಿಸಿದೆ, ಟಾಸ್ಕ್‌ನಲ್ಲಿ ಹಳೇ ಪಾಸ್‌ವರ್ಡೇ ಉಳೀತು, ಅವತ್ತಿಂದ ಸ್ಕ್ರಿಪ್ಟ್ ಶುರುವೇ ಆಗ್ಲಿಲ್ಲ. ಶುರುವೇ ಆಗ್ದಿದ್ದ ಸ್ಕ್ರಿಪ್ಟ್ ಮೇಲ್ ಹೆಂಗೆ ಕಳಿಸುತ್ತೆ? ಮೂರು ತಿಂಗಳು ಮೇಲ್ ಇಲ್ಲ, ನಾನು ಆರಾಮಾಗಿದ್ದೆ. ಡಿಸ್ಕ್ ಹೋದಾಗ ಮೂರು ತಿಂಗಳ ಲ್ಯಾಬ್ ರಿಪೋರ್ಟ್ ಇರ್ಲಿಲ್ಲ, ಪೇಷೆಂಟ್‌ಗಳ ಮನೆಯವರ ಹತ್ರ ಪೇಪರ್ ಕಾಪಿ ಕೇಳಿ ಕೇಳಿ ಮತ್ತೆ ಟೈಪ್ ಮಾಡಿದ್ವಿ. ಅದಕ್ಕೇ ಹೇಳ್ತಿದೀನಿ, ದಿನಾ ಮೇಲ್ ಬರ್ಲಿ, ಸರಿಯಾದ್ರೂ ಬರ್ಲಿ. ಸಬ್ಜೆಕ್ಟ್‌ನಲ್ಲೇ ತಾರೀಖು, ಬ್ಯಾಕಪ್ ಫೈಲ್ ಸೈಜ್, ಡಿಸ್ಕ್‌ನಲ್ಲಿ ಉಳಿದಿರೋ ಜಾಗ ಬರೋ ಹಾಗೆ ಮಾಡಿ. ನಿನ್ನೆ 900 ಎಂಬಿ ಇದ್ದಿದ್ದು ಇವತ್ತು 4 ಎಂಬಿ ಅಂದ್ರೆ ಫೋನ್‌ನಲ್ಲೇ ಕಣ್ಣಿಗೆ ಬೀಳುತ್ತೆ. ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಆ ಮೇಲ್ ಬಂದಿಲ್ಲ ಅಂದ್ರೆ ಬಿಲ್ ಹಾಕೋ ಮುಂಚೆ ಸರ್ವರ್ ನೋಡಿ.

ಉತ್ತರ, ಧಾರವಾಡದಿಂದ

ಇಬ್ರೂ ಚಲೋ ಹೇಳ್ಯಾರ. ರೋಬೋಕಾಪಿ ಒಳಗ ಸ್ಲ್ಯಾಶ್ ಎಂಐಆರ್ ಹಾಕೋವಾಗ ಹುಷಾರ್ ಇರ್ರಿ ಅಣ್ಣಾರ. ಮೂಲ ಫೋಲ್ಡರ್‌ನ್ಯಾಗ ಇಲ್ಲದ್ದನ್ನ ಅದು ಬ್ಯಾಕಪ್‌ನ್ಯಾಗೂ ಅಳಸ್ತೈತಿ. ನಮ್ಮ ಸಾಲಿ ಆಫೀಸಿನ್ಯಾಗ ಯಾರೋ ಟಿಸಿ ಫೋಲ್ಡರ್ ಖಾಲಿ ಮಾಡಿದ್ರು, ಅವತ್ತ ರಾತ್ರಿ ಬ್ಯಾಕಪ್ಪೂ ಖಾಲಿ ಆತು. ಸ್ಲ್ಯಾಶ್ ಇ ಸಾಕು, ಅದು ಒಳಗಿನ ಫೋಲ್ಡರ್ ಎಲ್ಲಾ ಕಾಪಿ ಮಾಡ್ತೈತಿ, ಏನೂ ಅಳಸೂದಿಲ್ಲ. ಹಳೇ ಬ್ಯಾಕಪ್ ಅಳಸಾಕ ಫಾರ್‌ಫೈಲ್ಸ್ ಕಮಾಂಡ್ ಹಾಕಿದ್ರ, ಇವತ್ತಿಂದು ಸರಿ ಆದ ಮ್ಯಾಲೇ ಅದು ಓಡಬೇಕು, ಇಲ್ಲಾಂದ್ರ ಹೊಸಾದು ಬರೂದಿಲ್ಲ, ಹಳೇವು ದಿನಕ್ಕೊಂದು ಹೋಗ್ತಾವ. ಫೈಲ್ ಹೆಸರು ಕನ್ನಡದಾಗ ಇದ್ರ ರೋಬೋಕಾಪಿಗೆ ಸ್ಲ್ಯಾಶ್ ಲಾಗ್ ಬದ್ಲಿ ಸ್ಲ್ಯಾಶ್ ಯೂನಿಲಾಗ್ ಅಂತ ಕೊಡ್ರಿ, ಇಲ್ಲಾಂದ್ರ ಲಾಗ್ ತುಂಬ ಬರೇ ಪ್ರಶ್ನೆ ಚಿಹ್ನೆ. ಮತ್ತ ಎಕ್ಸ್‌ಟರ್ನಲ್ ಡಿಸ್ಕ್ ಎರಡು ಇಟ್ಕೊಂಡು ಒಂದನ್ನ ಮನ್ಯಾಗ ಇಡ್ರಿ, ಸದಾ ಸಿಕ್ಕಿಸಿಟ್ಟ ಡಿಸ್ಕ್‌ನ್ನ, ಫೈಲ್ ಲಾಕ್ ಮಾಡಿ ರೊಕ್ಕ ಕೇಳೂ ರ‍್ಯಾನ್ಸಮ್‌ವೇರ್ ಬಂದ್ರ ಸರ್ವರ್ ಜೊತಿಗೇ ಲಾಕ್ ಮಾಡ್ತೈತಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮಲ್ಲಿ ರಾತ್ರಿ ಕರೆಂಟ್ ಹೋಗುತ್ತೆ, ಯುಪಿಎಸ್ ಅಷ್ಟೊತ್ತು ತಡೆಯಲ್ಲ. ಬ್ಯಾಕಪ್ ರಾತ್ರಿ 2 ಗಂಟೆಗೆ ಇಟ್ಟು, ಆಗ ಸರ್ವರ್ ಆಫ್ ಆಗಿದ್ರೆ? ಶಿವಮೊಗ್ಗದ ಮೇಡಂ, ಭಾನುವಾರ ಮಧ್ಯಾಹ್ನ ಹಳೇ ಲ್ಯಾಪ್‌ಟಾಪ್‌ಗೆ ರಿಸ್ಟೋರ್ ಮಾಡಿ ನೋಡೋಣ ಅಂತಿದೀನಿ.

ಉತ್ತರ, ಶಿವಮೊಗ್ಗದಿಂದ

ಟಾಸ್ಕ್‌ನ ಸೆಟ್ಟಿಂಗ್ಸ್ ಟ್ಯಾಬ್‌ನಲ್ಲಿ, ಟೈಮ್ ತಪ್ಪಿಹೋದ್ರೆ ಆದಷ್ಟು ಬೇಗ ಓಡಿಸು ಅನ್ನೋ ಟಿಕ್ ಇದೆ, ಹಾಕಿ. ನಿಮ್ಮ ಅಂಗಡಿ 9ಕ್ಕೆ ಮುಚ್ಚುತ್ತೆ ಅಂದ್ರೆ 2 ಗಂಟೆವರೆಗೆ ಯಾಕೆ ಕಾಯ್ತೀರ, ಒಂಬತ್ತೂವರೆಗೇ ಇಡಿ. ರಿಸ್ಟೋರ್ ಖಂಡಿತ ಮಾಡಿ ನೋಡಿ, ಲ್ಯಾಪ್‌ಟಾಪ್‌ನಲ್ಲಿ ಹಾಕೋ ಎಕ್ಸ್‌ಪ್ರೆಸ್ ವರ್ಷನ್ ಸರ್ವರ್‌ದಕ್ಕಿಂತ ಹಳೇದಿರಬಾರದು, ಇದ್ರೆ ತಗೊಳ್ಳಲ್ಲ. ರಿಸ್ಟೋರ್ ಆದ್ಮೇಲೆ ಶನಿವಾರದ ಕೊನೇ ಬಿಲ್ ನಂಬರ್ ಅದರಲ್ಲಿ ಸಿಗುತ್ತಾ ನೋಡಿ ಹೇಳಿ.