ಅಪ್‌ಡೇಟ್: ಸ್ಪೀಕರಿನ ಹಿಸ್ ಎಲ್ಲಿಂದ ಬರುತ್ತಿತ್ತು

ಡಿಎಸಿ (ಡಿಜಿಟಲ್ ಹಾಡನ್ನು ಅನಲಾಗ್ ಸಂಕೇತವಾಗಿಸುವ ಉಪಕರಣ), ಪ್ರೀಆಂಪ್ (ವಾಲ್ಯೂಮ್ ಹೊಂದಿಸುವ ಉಪಕರಣ), ಪವರ್ ಆಂಪ್ (ಸ್ಪೀಕರನ್ನು ನಡೆಸುವ ಆಂಪ್ಲಿಫೈಯರ್) ಮೂರೂ ಬಿಡಿಬಿಡಿಯಾಗಿ ಒಳ್ಳೆಯ ಅಳತೆಗಳನ್ನು ತೋರಿಸಿದರೂ, ಒಟ್ಟಿಗೆ ಜೋಡಿಸಿದಾಗ ಹಾಡಿಲ್ಲದ ಹೊತ್ತಿನಲ್ಲೂ ಹಿಸ್ ಸದ್ದು ಏಕೆ ಬರುತ್ತದೆ ಎಂದು ಕೇಳಿದ್ದೆ. ಸಮಸ್ಯೆ ಬಗೆಹರಿದಿದೆ.

ಕೇಬಲ್ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಪವರ್ ಫಿಲ್ಟರ್ ಕೂಡ ವ್ಯರ್ಥವಾಯಿತು. ಅದು ವಿದ್ಯುತ್ ಜಾಲದಿಂದ ಬರುವ ಗದ್ದಲಕ್ಕೆ ಮದ್ದೇ ಹೊರತು ಹಿಸ್‌ಗೆ ಅಲ್ಲ. ಕೊನೆಗೆ ಫಲಿಸಿದ್ದು, ಸ್ಪೀಕರ್ ಕಡೆಯಿಂದ ಹಿಂದಕ್ಕೆ ಹೋಗುತ್ತಾ ಒಂದೊಂದೇ ಉಪಕರಣವನ್ನು ಕಳಚಿ ಕೇಳಿ ಎಂಬ ಸಲಹೆ. ಪವರ್ ಆಂಪ್‌ನ ಇನ್‌ಪುಟ್‌ಗೆ ಶಾರ್ಟಿಂಗ್ ಪ್ಲಗ್ (ಯಾವ ಸಂಕೇತವೂ ಒಳಬರದಂತೆ ಇನ್‌ಪುಟ್ಟನ್ನು ಮುಚ್ಚುವ ಪ್ಲಗ್) ಹಾಕಿದಾಗ ಸದ್ದು ನಿಂತಿತು. ಪ್ರೀಆಂಪ್ ಜೋಡಿಸಿದೊಡನೆ, ಅದರ ವಾಲ್ಯೂಮ್ ಸೊನ್ನೆಯಲ್ಲಿದ್ದರೂ, ಮರಳಿತು. ಅಂದರೆ ಪ್ರೀಆಂಪ್‌ನೊಳಗೆ ವಾಲ್ಯೂಮ್ ನಂತರ ಬರುವ ಗೇನ್ (ಸಂಕೇತವನ್ನು ಹಿಗ್ಗಿಸುವ) ಹಂತವೇ ಹಿಸ್‌ನ ಮೂಲ. ಪ್ರೀಆಂಪ್‌ನ ಗೇನ್ ಸ್ವಿಚ್ಚನ್ನು ಕೆಳಗಿಳಿಸಿ, ಡಿಎಸಿಯ ಔಟ್‌ಪುಟ್ಟನ್ನು ಪೂರ್ಣಕ್ಕೆ ಏರಿಸಿದ ಮೇಲೆ, ಕೂರುವ ಜಾಗದಲ್ಲಿ ಏನೂ ಕೇಳಿಸುತ್ತಿಲ್ಲ.

ನನಗೆ ಅಚ್ಚರಿ ತಂದದ್ದು ಕೂಡಿಕೆಯ ಲೆಕ್ಕ. ಪರಸ್ಪರ ಸಂಬಂಧವಿಲ್ಲದ ಎರಡು ಸಮಾನ ನಾಯ್ಸ್‌ಗಳು (ಹಿಸ್‌ನಂಥ ಬೇಡದ ಸದ್ದುಗಳು) ಸೇರಿದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಒಂದು ಇನ್ನೊಂದಕ್ಕಿಂತ 10 ಡೆಸಿಬಲ್ ಕಡಿಮೆಯಿದ್ದರೆ ಅದು ಸೇರಿಸುವುದು ಕೇವಲ 0.4 ಡೆಸಿಬಲ್. ನನ್ನಲ್ಲಿ ಜೋರಾದ ನಾಯ್ಸ್ ಪ್ರೀಆಂಪ್‌ನದೇ ಆಗಿದ್ದರಿಂದ, ದುಬಾರಿ ಡಿಎಸಿ ಕೊಂಡಿದ್ದರೂ ನನ್ನ ಹಿಸ್ ಕದಲುತ್ತಿರಲಿಲ್ಲ. ಡಿಸ್ಟಾರ್ಶನ್ (ಉಪಕರಣವು ಹಾಡಿನ ಸಂಕೇತವನ್ನು ವಿರೂಪಗೊಳಿಸುವುದು) ಈ ನಿಯಮಕ್ಕೆ ಬಗ್ಗುವುದಿಲ್ಲ: ಎರಡು ಉಪಕರಣಗಳ ಸಮಾನ ಹಾರ್ಮೋನಿಕ್‌ಗಳು (ವಿರೂಪದಿಂದ ಹುಟ್ಟುವ, ಮೂಲ ಸ್ವರದ ಗುಣಕ ಆವರ್ತನಗಳು) ಒಂದೇ ಫೇಸ್‌ನಲ್ಲಿದ್ದರೆ, ಅಂದರೆ ಅವುಗಳ ಏರಿಳಿತ ಒಟ್ಟೊಟ್ಟಿಗೆ ನಡೆದರೆ, 6 ಡೆಸಿಬಲ್‌ನಷ್ಟು ಹೆಚ್ಚುತ್ತವೆ, ವಿರುದ್ಧ ಫೇಸ್‌ನಲ್ಲಿದ್ದರೆ ಒಂದನ್ನೊಂದು ಅಳಿಸಿಯೂ ಹಾಕಬಹುದು.